ಎಕೋ ಡಬ್ಬಿ ಮತ್ತು ನಾಲ್ಕು ಬೆರಳು ವಾಯರು

ನನಗೆ ಓದು ಬರಹ ಅಷ್ಟಕ್ಕಷ್ಟೆ. ಮೂರನೆಯ ಇಯತ್ತೆ ಮುಗಿಯುವ ಮೊದಲೇ ನಾನು ಶಾಲೆಯನ್ನು ಬಿಟ್ಟೆನೋ, ಶಾಲೆ ನನ್ನನ್ನು ಬಿಟ್ಟಿತೋ ಈಗ ನೆನಪಿಲ್ಲ. ಇಬ್ಬರಿಗೂ ದುಃಖವಾಗಲಿಲ್ಲ. ಆದರೆ ಒಂದು ವಿದ್ಯೆಯಲ್ಲಿ ಮಾತ್ರ ಗಜೇಂದ್ರಗಡದಲ್ಲಿ ನನ್ನನ್ನು ಮೀರಿಸಿದವರು ಯಾರೂ ಇಲ್ಲ. ಅದು ನಮೂನೆ ಹೊಂದಿಸುವ ವಿದ್ಯೆ.

ನಾವು ಕೈಮಗ್ಗದ ಸೀರೆ ನೇಯುವವರು. ಸೀರೆ ಅರ್ಧ ಆಗಿರುವಾಗ ನೂಲು ಮುಗಿಯುತ್ತದೆ. ಆಗ ನಾಲ್ಕು ಬೆರಳು ಉದ್ದದ ಎಳೆ ಕತ್ತರಿಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡು, ನೂಲಿನ ಅಂಗಡಿಗೆ ಹೋಗಬೇಕು. ಅಂಗಡಿಯವರು ಹತ್ತು ತರಹದ ಕೆಂಪು ತೆಗೆದು ಮುಂದೆ ಒಗೆಯುತ್ತಾರೆ. ಅದರಲ್ಲಿ ಒಂಬತ್ತು ಸುಳ್ಳು, ಒಂದೇ ಖರೆ. ಆ ಒಂದನ್ನು ನಾನು ಬಾಗಿಲ ಬಿಸಿಲಿಗೆ ಹಿಡಿದು ಆರಿಸಿಕೊಂಡು ಬರುತ್ತೇನೆ. ನಲವತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ. ಬರೀ ಬಾಯಿಂದ ಬಣ್ಣ ಹೇಳಿ ತಂದವರ ಸೀರೆಯಲ್ಲಿ ಅಡ್ಡಪಟ್ಟೆ ಬಿದ್ದದ್ದನ್ನು ನೋಡಿ ನಾನು ನಕ್ಕಿದ್ದೇನೆ. ಎದುರಿಗೇ ನಕ್ಕಿದ್ದೇನೆ.

ಈಗ ಅವರೆಲ್ಲ ಸೇರಿ ನನಗೆ ನಗುತ್ತಿದ್ದಾರೆ. ನಗಲಿ! ಹೇಗಾಯಿತು ಎಂಬುದನ್ನು ನಾನೇ ಹೇಳಿಬಿಡುತ್ತೇನೆ. ಬೇರೆಯವರು ಹೇಳಿದರೆ ಮೇಲೆ ನಾಲ್ಕು ಸೇರಿಸುತ್ತಾರೆ.

ನಮ್ಮ ಮನೆಯವರು ಭಜನೆಯ ಹಾಡುಗಾರರು. ಅವರ ಹತ್ತಿರ ಒಂದು ಎಕೋ ಡಬ್ಬಿ ಇದೆ. ಹಳೆಯ ಕಾಲದ್ದು. ಇಟ್ಟಿಗೆಯಷ್ಟು ದೊಡ್ಡದು, ಇಟ್ಟಿಗೆಗಿಂತ ಭಾರ. ಮೇಲೆ ಮೂರು ತಿರುಗಣೆ, ಒಂದು ಕೆಂಪು ದೀಪ. ಮೈಕಿನಲ್ಲಿ ಒಮ್ಮೆ ಹಾಡಿದರೆ ಈ ಡಬ್ಬಿ ಅದನ್ನು ಗುಡ್ಡದ ಸಂದಿಯಲ್ಲಿ ಕೂಗಿದಂತೆ ಮತ್ತೆ ಮತ್ತೆ ಹೇಳುತ್ತದೆ. ಯಾವುದೋ ಆರ್ಕೆಸ್ಟ್ರಾ ಕಂಪನಿ ಮುಳುಗಿದಾಗ ಇವರು ನಮ್ಮ ಮಗ್ಗದ ಮೇಲಿನ ದಾಳಿಂಬೆ ಬಣ್ಣದ ಸೀರೆ ಕೊಟ್ಟು ಇದನ್ನು ತಂದರು. ಆ ಸೀರೆಯನ್ನು ನಾನು ನನಗೇ ಅಂತ ನೇಯ್ದಿದ್ದೆ. ಇರಲಿ, ಆ ಮಾತು ಬೇರೆ.

ಹೋದ ವರ್ಷ ಇವರು ಎದೆಯಲ್ಲಿ ಕಫ ಕಟ್ಟಿ ದವಾಖಾನೆಯಲ್ಲಿ ಹನ್ನೆರಡು ದಿನ ಮಲಗಿದ್ದರು. ಎದ್ದು ಬಂದ ಮೇಲೆ ದನಿ ಇದೆ, ಉಸಿರಿಲ್ಲ. ಸಾಲಿನ ಕೊನೆಗೆ ಬರುವಷ್ಟರಲ್ಲಿ ತೂತು ಬಿದ್ದ ಟ್ಯೂಬಿನಂತೆ ಇಳಿದುಬಿಡುತ್ತಾರೆ. ಅಲ್ಲಿ ಡಬ್ಬಿ ಕೈ ಹಿಡಿಯುತ್ತದೆ. ಇವರು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಡಬ್ಬಿ ಹಾಡುತ್ತದೆ. ಡಬ್ಬಿ ಮುಗಿಸುವಷ್ಟರಲ್ಲಿ ಇವರು ಮತ್ತೆ ಶುರು ಮಾಡುತ್ತಾರೆ. ಈ ಗುಟ್ಟು ಗೊತ್ತಿದ್ದದ್ದು ಅವರಿಗೆ, ನನಗೆ ಮತ್ತು ಡಬ್ಬಿಗೆ.

ಆ ಸೋಮವಾರ ಮಠದಲ್ಲಿ ಮೇಳದ ಹಿರಿಯರು ಕೂಡುವವರಿದ್ದರು. ಶ್ರಾವಣ ಪೂರ್ತಿ ಮುಮ್ಮೇಳದಲ್ಲಿ ಹಾಡುವವರು ಯಾರು, ಹಿಂದೆ ದನಿಗೂಡಿಸುವವರು ಯಾರು ಎಂದು ಹಾಡಿಸಿ ನೋಡಿ ತೀರ್ಮಾನ ಮಾಡುವವರಿದ್ದರು. ಈರಣ್ಣ ಎಂಬ ನಲವತ್ತರ ಗಂಡಸು ತಯಾರಾಗಿ ನಿಂತಿದ್ದ. ಅವನ ಉಸಿರು ಎತ್ತಿನ ಉಸಿರು.

ಇವರು ಹಾಡುವುದು ನಿಂತರೆ ಮನೆಯಲ್ಲಿ ಕೂಡುತ್ತಾರೆ. ಮನೆಯಲ್ಲಿ ಕೂತರೆ ನಾನು ಒಲೆಗೆ ಎಷ್ಟು ಕಟ್ಟಿಗೆ ಹಾಕುತ್ತೇನೆ ಎಂದು ಎಣಿಸುತ್ತಾರೆ. ದವಾಖಾನೆಯಿಂದ ಬಂದ ಮೇಲೆ ಎರಡು ತಿಂಗಳು ಅದನ್ನೂ ಎಣಿಸದೆ ಗೋಡೆ ನೋಡುತ್ತ ಕೂತಿದ್ದರು. ಅದು ಇನ್ನೂ ಕೆಟ್ಟದ್ದು. ಆದ್ದರಿಂದ ಮುಂದೆ ನಾನು ಮಾಡಿದ್ದನ್ನೆಲ್ಲ ಗಂಡನ ಮೇಲಿನ ಪ್ರೀತಿ ಎಂದು ಯಾರೂ ತಪ್ಪು ತಿಳಿಯಬಾರದು.

ಶುಕ್ರವಾರ ಇವರು ಕೊಣ್ಣೂರಿನ ಮಗಳ ಮನೆಗೆ ಹೊರಟರು. ಎರಡು ದಿನ ಗಂಟಲಿಗೆ ವಿಶ್ರಾಂತಿ ಅಂತೆ.

"ಏ ಗಂಗವ್ವಾ, ನಾ ಬರೂ ತನಕ ಆ ಡಬ್ಬಿ ಮುಟ್ಟಬ್ಯಾಡ. ಸೋಮವಾರ ಬೇಕಾಗತೈತಿ."

"ನಿಮ್ಮ ಡಬ್ಬಿ ಮುಟ್ಟಿ ನನಗೇನ ಆಗೂದೈತ್ರಿ? ಹೋಗಿ ಬರ್ರಿ."

ಶನಿವಾರ ಬೆಳಿಗ್ಗೆ ಮುಟ್ಟಿದೆ.

ಕೆಟ್ಟ ಉದ್ದೇಶದಿಂದಲ್ಲ. ಡಬ್ಬಿಯ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳಿತ್ತು. ಹಿರಿಯರ ಮುಂದೆ ಅದನ್ನು ಹಾಗೇ ಇಟ್ಟರೆ ಮಾತು ಬರುವುದು ಮನೆಯ ಹೆಂಗಸಿಗೆ. ಒದ್ದೆ ಬಟ್ಟೆ ತೆಗೆದುಕೊಂಡು ಒರೆಸಿದೆ. ಚೆನ್ನಾಗಿ ಒರೆಸಿದೆ. ತಿರುಗಣೆಯ ಸಂದಿಯಲ್ಲಿ ಎರಡು ಹನಿ ನೀರು ಇಳಿದದ್ದು ಕಂಡಿತು. ಕೂಡಲೇ ಅದರ ಅಡಾಪ್ಟರ್ ತಂದು ಗೋಡೆಯ ಪ್ಲಗ್ಗಿಗೆ ಚುಚ್ಚಿ, ಪಿನ್ನನ್ನು ಡಬ್ಬಿಗೆ ಚುಚ್ಚಿ, ಸ್ವಿಚ್ ಒತ್ತಿದೆ.

ಕೆಂಪು ದೀಪ ಹತ್ತಲಿಲ್ಲ.

ಮತ್ತೆ ಒತ್ತಿದೆ. ಇಲ್ಲ. ದೇವರ ಹೆಸರು ಹೇಳಿ ಒತ್ತಿದೆ. ಇಲ್ಲ!

ಸೊಸೆ ಸುಜಾತಾ ಲಾಳಿಯ ಕಂಡಿಕೆಗೆ ನೂಲು ಸುತ್ತುವುದನ್ನು ಬಿಟ್ಟು ಬಂದಳು. ಅವಳು ಹತ್ತನೆಯವರೆಗೆ ಓದಿದವಳು, ಕರೆಂಟಿನ ವಿಷಯದಲ್ಲಿ ನಮ್ಮ ಮನೆಗೆ ಅವಳೇ ದೊಡ್ಡವಳು.

"ಅತ್ತಿ, ಡಬ್ಬಿ ಹೋಗಿರಲಿಕ್ಕಿಲ್ಲ ಬಿಡ್ರಿ. ಅಡಾಪ್ಟರ್ ಹೋಗಿರಬೇಕು. ನನ್ನ ಮೊಬೈಲಿಗೂ ಮೊದಲ ಅದ ಹೋಗಿದ್ದು."

ನನಗೆ ಜೀವ ಬಂದಂತಾಯಿತು. ಅಡಾಪ್ಟರ್ ಅಂದರೆ ಏನು ಮಹಾ? ಅಂಗಡಿಯಲ್ಲಿ ಸಿಗುವ ಸಾಮಾನು. ಇದ್ದದ್ದಕ್ಕೆ ಹೊಂದುವಂಥದ್ದು ತಂದರೆ ಆಯಿತು. ಹೊಂದಿಸುವ ವಿದ್ಯೆ ಯಾರಿಗಿದೆ? ನನಗಿದೆ!

ನೂಲಿನ ಕತ್ತರಿ ತೆಗೆದುಕೊಂಡೆ. ಅಡಾಪ್ಟರಿನ ವಾಯರನ್ನು ಪಿನ್ನಿನಿಂದ ಹಿಡಿದು ನಾಲ್ಕು ಬೆರಳು ಅಳೆದೆ. ಕಚಕ್ ಎಂದು ಕತ್ತರಿಸಿದೆ.

"ಅಯ್ಯಯ್ಯ ಅತ್ತಿ! ಏನ ಮಾಡಿದ್ರಿ?"

"ನಮೂನಿ ತಗದೆ. ಅಂಗಡ್ಯಾಗ ತೋರಸಾಕ ಬ್ಯಾಡೇನು?"

"ಇಡೀದನ್ನ ಒಯ್ಯಬಹುದಿತ್ತಲ್ಲರಿ!"

"ನೂಲು ತರಾಕ ಹೋಗೂವಾಗ ಸೀರಿನ ಒಯ್ತಿಯೇನ ನೀನು?"

ಸುಜಾತಾ ಮತ್ತೆ ಕಂಡಿಕೆ ಸುತ್ತಲು ಹೋದಳು. ಅತ್ತೆಯ ಮಾತಿನಲ್ಲಿ ತಪ್ಪು ಎಲ್ಲಿದೆ ಎಂದು ಅವಳಿಗೂ ಹುಡುಕಲು ಆಗಲಿಲ್ಲ. ನಾನು ಪಿನ್ನಿದ್ದ ತುಂಡನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡೆ. ಉಳಿದದ್ದು, ಅಂದರೆ ಆ ಕರಿಯ ಭಾರದ ಗಟ್ಟಿ, ಸತ್ತ ಸಾಮಾನು. ಆದರೂ ಒಗೆಯಲು ಮನಸ್ಸಾಗಲಿಲ್ಲ. ಹಾಸಿನ ನೂಲು ಸಡಿಲಾಗದಿರಲಿ ಎಂದು ನಮ್ಮ ಮಗ್ಗದ ಹಿಂದೆ ಹಗ್ಗಕ್ಕೆ ಒಂದು ಕಲ್ಲು ತೂಗುಬಿಟ್ಟಿದ್ದೇವೆ. ಆ ಕಲ್ಲು ಸ್ವಲ್ಪ ಹಗುರಾಗಿತ್ತು. ಅಡಾಪ್ಟರನ್ನು ಅದರದೇ ವಾಯರಿನಿಂದ ಕಲ್ಲಿನ ಪಕ್ಕದಲ್ಲಿ ಕಟ್ಟಿಬಿಟ್ಟೆ. ಹಾಸು ಬಿಗಿಯಾಗಿ ನಿಂತಿತು. ಒಂದೇ ಪೆಟ್ಟಿಗೆ ಎರಡು ಕೆಲಸ ಎಂದು ನನಗೆ ನಾನೇ ಭೇಷ್ ಅಂದುಕೊಂಡೆ.

ಗಜೇಂದ್ರಗಡದ ಪೇಟೆಯಲ್ಲಿ ಮೊಬೈಲ್ ಅಂಗಡಿಗೆ ಹೋದೆ. ಸೆರಗಿನ ಗಂಟು ಬಿಚ್ಚಿ, ತುಂಡನ್ನು ಗಾಜಿನ ಮೇಲೆ ಇಟ್ಟೆ. ಅಂಗಡಿಯವನು ಸತ್ತ ಹಲ್ಲಿಯನ್ನು ನೋಡುವ ಹಾಗೆ ನೋಡಿದ.

"ಏನ್ರಿ ಯವ್ವಾ ಇದು?"

"ನಮೂನಿ. ಇಂಥಾದ್ದ ಪಿನ್ನಿಂದು ಅಡಾಪ್ಟರ್ ಕೊಡು."

"ಈಗ ಎಲ್ಲಾ ಚಪ್ಪಟಿ ಪಿನ್ನರಿ. ಗುಂಡಂದು ಯಾರೂ ಕೇಳೂದಿಲ್ಲ. ಎಷ್ಟ ವೋಲ್ಟ್ ಬೇಕ್ರಿ?"

"ಇದರಷ್ಟ."

"ಇದು ತುದಿ ಅಷ್ಟ ಐತಲ್ಲರಿ. ತುದಿ ನೋಡಿ ವೋಲ್ಟ್ ಹ್ಯಾಂಗ ಹೇಳಲಿ? ಅಡಾಪ್ಟರ್ ಮ್ಯಾಲೆ ಬರದಿರತಾರ."

"ನಾಕ ಬೆರಳ ನೂಲ ನೋಡಿ ನಾ ಇಡೀ ಸೀರಿ ಹೇಳತೀನಿ. ಅಂಗಡಿ ತಗದ ಕುಂತೀದಿ, ನಿನಗ ಇಷ್ಟ ಗೊತ್ತಾಗೂದಿಲ್ಲ?"

ಪಾಪ, ಅವನು ಮರ್ಯಾದೆಗೆ ಅಂಜಿದ. ಒಳಗೆ ಹೋಗಿ ಧೂಳು ಹಿಡಿದ ರಟ್ಟಿನ ಡಬ್ಬ ತಂದು ಸುರುವಿದ. ಅದರಲ್ಲಿ ಟಿವಿಯ ಸೆಟ್‌ಟಾಪ್ ಬಾಕ್ಸಿಗೆ ಹಾಕುವ ಒಂದು ಅಡಾಪ್ಟರ್ ಇತ್ತು. ಅದರ ಪಿನ್ನನ್ನೂ ನನ್ನ ತುಂಡನ್ನೂ ಬಾಗಿಲ ಬಿಸಿಲಿಗೆ ಹಿಡಿದೆ. ಅದೇ ಗುಂಡು, ಅದೇ ಉದ್ದ, ನಡುವೆ ಅದೇ ತೂತು. ಬಣ್ಣವೂ ಅದೇ ಕಪ್ಪು! ಖುಷಿಯಿಂದ ಮನೆಗೆ ಬಂದೆ.

ಡಬ್ಬಿಗೆ ಚುಚ್ಚಿದೆ. ಕುಪ್ಪಸಕ್ಕೆ ಗುಂಡಿ ಹೊಂದಿದಂತೆ ಹೊಂದಿತು. ಸ್ವಿಚ್ ಒತ್ತಿದೆ.

ದೀಪ ಹತ್ತಲಿಲ್ಲ!

ಭಾನುವಾರ ಬೆಳಿಗ್ಗೆ ಡಬ್ಬಿಯನ್ನೇ, ಜೊತೆಗೆ ಆ ಅಡಾಪ್ಟರನ್ನೂ ಚೀಲದಲ್ಲಿ ಹಾಕಿಕೊಂಡು, ಮೇಲೆ ಎರಡು ರೊಟ್ಟಿಯ ಗಂಟು ಇಟ್ಟುಕೊಂಡು ರೋಣದ ಬಸ್ಸು ಹತ್ತಿದೆ. ಮಗ ಸೀರೆ ಕೊಡಲು ಇಳಕಲ್ಲಿಗೆ ಹೋಗಿದ್ದ. ಇವರು ಸಂಜೆ ಬರುವವರಿದ್ದರು. ಅಷ್ಟರಲ್ಲಿ ಕೆಲಸ ಮುಗಿಸಿ, ಡಬ್ಬಿಯನ್ನು ಕಪಾಟಿನಲ್ಲಿ ಮೊದಲಿನಂತೆ ಇಟ್ಟು, ಮುಖದಲ್ಲಿ ಏನೂ ಗೊತ್ತಿಲ್ಲದ ಕಳೆ ತಂದುಕೊಂಡು ಕೂತಿರಬೇಕು ಎಂಬುದು ನನ್ನ ಯೋಜನೆ.

ರೋಣದಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಕರೆಂಟ್ ಸಾಮಾನಿನ ಒಂದು ಅಂಗಡಿ ತೆರೆದಿತ್ತು. ಯಜಮಾನರು ದಪ್ಪ ಮನುಷ್ಯರು, ದಪ್ಪ ಕನ್ನಡಕ. ತುಂಡನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ಆಲೋಚನೆ ಮಾಡಿದರು.

"ಅಮ್ಮಾರ, ನಿಮಗ ಬೇಕಾದ್ದು ಇದ ನೋಡ್ರಿ," ಎಂದು ಒಂದು ಸಾಮಾನು ತೆಗೆದರು. ಅದರ ತುದಿಗೆ ಒಂದಲ್ಲ, ಆರು ಪಿನ್ನು! ಬೀಗದ ಕೈ ಗೊಂಚಲಿನಂತೆ ಜೋತಾಡುತ್ತಿದ್ದವು. ಬೆನ್ನ ಮೇಲೆ ಒಂದು ಜಾರುವ ಗುಂಡಿ. "ಮೂರರಿಂದ ಹನ್ನೆರಡ ತನಕಾ ಯಾವ ವೋಲ್ಟ್ ಬೇಕಾದ್ರೂ ಕೊಡತೈತಿ."

"ಹಂಗಂದ್ರ ಇದು ಎಲ್ಲಾ ಬಣ್ಣದ ನೂಲು ಒಂದ ಉಂಡ್ಯಾಗ ಇದ್ದಂಗ."

"ಹಾಂ! ಹಂಗ ಅನ್ರಿ."

ಅಂಗಡಿಯಲ್ಲೇ ಚುಚ್ಚಿ ನೋಡಿದರು. ಗುಂಡಿಯನ್ನು ಮೂರಕ್ಕೆ ಇಟ್ಟರು, ಇಲ್ಲ. ಆರಕ್ಕೆ ಇಟ್ಟರು, ಇಲ್ಲ. ಒಂಬತ್ತಕ್ಕೆ ಇಟ್ಟರು, ಇಲ್ಲ. ಹನ್ನೆರಡಕ್ಕೆ ದೂಡಿದರು. ಇಲ್ಲ! ಪಿನ್ನು ತೆಗೆದು ಉಲ್ಟಾ ಮಾಡಿ ಹಾಕಿ ಮೂರರಿಂದ ಹನ್ನೆರಡರವರೆಗೆ ಮತ್ತೊಮ್ಮೆ ಯಾತ್ರೆ ಮಾಡಿಸಿದರು. ಡಬ್ಬಿ ಮಾತ್ರ ಮೌನವ್ರತ ಹಿಡಿದ ಸ್ವಾಮಿಗಳ ಹಾಗೆ ಕೂತಿತ್ತು.

ಚಹಾ ಕುಡಿಯಲು ಬಂದವರೆಲ್ಲ ಸುತ್ತ ನಿಂತು ಸಲಹೆ ಕೊಡತೊಡಗಿದರು. ಒಬ್ಬ ಡಬ್ಬಿಗೆ ಒಂದು ಪೆಟ್ಟು ಕೊಡಿ ಅಂದ. ಇನ್ನೊಬ್ಬ ಎರಡು ಕೊಡಿ ಅಂದ. ನಾನು ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡೆ.

"ಅಮ್ಮಾರ, ಇದು ನಮ್ಮ ಕೈಯಾಗಿಂದಲ್ಲ. ನರಗುಂದದಾಗ ದಾವಲಸಾಬ ಅಂತ ಹಳೇ ರೇಡಿಯೋ ರಿಪೇರಿ ಮಾಡವರ ಅದಾರ. ಇಂಥಾ ಮುದಿ ಸಾಮಾನಿಗೆ ಅವರ ಸೈ."

ಮುದಿ ಸಾಮಾನು ಎನ್ನುವಾಗ ಆ ಮನುಷ್ಯ ಡಬ್ಬಿಯನ್ನು ನೋಡಿದನೋ ನನ್ನನ್ನು ನೋಡಿದನೋ ಇನ್ನೂ ನನಗೆ ಸಂಶಯವಿದೆ. ಆದರೂ ಆರು ಬಾಯಿಯ ಆ ಅಡಾಪ್ಟರನ್ನು ತೆಗೆದುಕೊಂಡೆ. ಅಷ್ಟು ಹೊತ್ತು ಅವರ ಕೈಯಲ್ಲಿ ಕೆಲಸ ಮಾಡಿಸಿ ಬರಿಗೈಯಲ್ಲಿ ಇಳಿದು ಬರಲು ನನಗೆ ನಾಚಿಕೆಯಾಯಿತು.

ನರಗುಂದದಲ್ಲಿ ದಾವಲಸಾಬರ ಅಂಗಡಿ ಸಿಕ್ಕಿತು. ಅಂಗಡಿ ಎಂದರೆ ಒಬ್ಬರು ಕೂಡುವಷ್ಟು ಜಾಗ, ಉಳಿದ ಕಡೆ ಸತ್ತ ರೇಡಿಯೋಗಳು. ಸಾಬರು ನನ್ನ ವಯಸ್ಸಿನವರೇ. ನನ್ನ ತುಂಡು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಅಕ್ಕಾರ, ಇದರ ಉಳಿದ ಮೈ ಎಲ್ಲೈತಿ?"

"ಮನ್ಯಾಗ ಐತ್ರಿ."

"ಅದನ್ನ ತರಬೇಕಿತ್ತಲ್ಲ. ಅದರ ಮ್ಯಾಲೆ ಎಲ್ಲಾ ಬರದಿರತೈತಿ."

"ತರಾಕ ಬರೂದಿಲ್ರಿ. ಮಗ್ಗಕ್ಕ ತೂಗಾಕತ್ತೈತಿ."

ಸಾಬರು ಕೈಯಲ್ಲಿದ್ದ ತುಂಡನ್ನು ಕೆಳಗಿಟ್ಟರು. ನಲವತ್ತು ವರ್ಷ ರಿಪೇರಿ ಮಾಡಿದವರಿಗೂ ಈ ಉತ್ತರ ಹೊಸದಿರಬೇಕು.

"ಮನ್ಯಾಗ ಓದು ಬಲ್ಲವರು ಯಾರರೆ ಅದಾರೇನು? ಫೋನ್ ಹಚ್ರಿ."

ಸುಜಾತಾಳಿಗೆ ಫೋನು ಹಚ್ಚಿ ಸಾಬರ ಕೈಗೆ ಕೊಟ್ಟೆ. ಅವರು ಜೋರು ಮಾಡಿ ಇಟ್ಟರು. ಅವಳು ಮಗ್ಗದ ಕೆಳಗೆ ತಲೆ ಹಾಕಿ ಓದುವುದು ನಮಗಿಬ್ಬರಿಗೂ ಕೇಳುತ್ತಿತ್ತು.

"ತಿರಗಾಕತ್ತೈತ್ರಿ, ತಡೀರಿ, ಹಿಡೀತೀನಿ... ಹಾಂ. ಒಂಬತ್ತು ವೋಲ್ಟ್, ಡಿಸಿ ಅಂತ ಐತ್ರಿ. ಒಂದು ಗುಂಡನ ಚಿತ್ರ ಐತಿ, ನಡುವ ಚುಕ್ಕಿ. ಚುಕ್ಕಿಯಿಂದ ಒಂದ ಗೀಟು ಹೋಗಿ ಮೈನಸ್‌ಗೆ ಮುಟ್ಟೇತಿ."

"ಶಾಬಾಸ್ ಮಗಳ! ನಡುವ ಮೈನಸ್. ಈಗಿನವೆಲ್ಲಾ ನಡುವ ಪ್ಲಸ್ ಇರತಾವು. ಹಳೇ ಹಾಡಿನ ಡಬ್ಬಿಗಳದ್ದ ಉಲ್ಟಾ ನಡಿ." ಆಮೇಲೆ ನನ್ನ ಕಡೆ ತಿರುಗಿದರು. "ಇದಕ್ಕ ಇಲ್ಲೀತನಕಾ ಏನೇನ ಚುಚ್ಚೀರಿ?"

ನಾನು ಚೀಲದಿಂದ ಒಂದೊಂದಾಗಿ ತೆಗೆದು ಇಟ್ಟೆ. ಸೆಟ್‌ಟಾಪ್ ಬಾಕ್ಸಿನ ಹನ್ನೆರಡು ವೋಲ್ಟಿನದು. ಆರು ಬಾಯಿಯದು. ಸಾಬರ ಮುಖ ಇಳಿಯಿತು.

"ಹನ್ನೆರಡು ಕೊಟ್ಟೀರಿ, ಅದೂ ನಡುವ ಪ್ಲಸ್? ಅಕ್ಕಾರ, ಹಂಗಾರ ಸುಟ್ಟಿದ್ರೂ ಸುಟ್ಟಿರಬಹುದು."

ಬಣ್ಣ ಹೊಂದಿತ್ತು, ಉದ್ದ ಹೊಂದಿತ್ತು, ತೂತು ಹೊಂದಿತ್ತು. ಒಳಗೆ ಹರಿಯುವುದು ಉಲ್ಟಾ ಇದೆ ಎಂದು ಬಿಸಿಲಿಗೆ ಹಿಡಿದರೆ ಕಾಣುವುದಿಲ್ಲವಲ್ಲ!

ಸಾಬರು ಕೆಟ್ಟ ಟೇಪ್‌ರೆಕಾರ್ಡರಿನ ರಾಶಿಯಿಂದ ಒಂಬತ್ತು ವೋಲ್ಟಿನ ಒಂದು ಹಳೆಯ ಅಡಾಪ್ಟರ್ ಹುಡುಕಿ ತೆಗೆದರು. ಅದರ ತುದಿ ಕತ್ತರಿಸಿ, ನನ್ನ ನಾಲ್ಕು ಬೆರಳು ತುಂಡನ್ನೇ ಅದಕ್ಕೆ ಬೆಸುಗೆ ಹಾಕಿದರು. ಮುಳ್ಳಿನ ಮೀಟರು ಹಚ್ಚಿ ನೋಡಿದರು. "ಕರೆಂಟ್ ಬರೋಬ್ಬರಿ ಐತಿ," ಎಂದರು. ಡಬ್ಬಿಗೆ ಚುಚ್ಚಿದರು.

ನಾನು ಡಬ್ಬಿಯ ಮೇಲೆ ಬಾಗಿ ನೋಡಿದೆ.

ದೀಪ ಹತ್ತಲಿಲ್ಲ.

"ನಾ ರೇಡಿಯೋದಾಂವ, ಅಕ್ಕಾರ. ಇಂಥಾ ಡಬ್ಬಿ ಬಿಚ್ಚಿದಾಂವಲ್ಲ. ಬಿಟ್ಟ ಹೋಗ್ರಿ, ನಾಕ ದಿನದಾಗ ಒಳಗ ನೋಡಿ ಹೇಳತೀನಿ."

"ನಾಳೆನ ಬೇಕ್ರಿ."

"ಅಷ್ಟ ಏನ ಅವಸರ?"

ಹೇಳಬಾರದೆಂದಿದ್ದೆ, ಹೇಳಿಬಿಟ್ಟೆ. ಇವರ ಉಸಿರಿನ ಗುಟ್ಟು, ಡಬ್ಬಿ ಕೈ ಹಿಡಿಯುವ ಗುಟ್ಟು, ಈರಣ್ಣನ ಎತ್ತಿನ ಉಸಿರು, ಎಲ್ಲ. ಸಾಬರು ಕೇಳಿಸಿಕೊಂಡರು. ಕೆಲಸದ ಕೂಲಿ ಮುಟ್ಟಲಿಲ್ಲ. "ಹಾಡವರ ಡಬ್ಬಿ, ಹಾಡವರಿಗೆ ಕೇಳ್ರಿ. ಅವರಿಗೆ ಏನರೆ ಗೊತ್ತಿರತೈತಿ," ಎಂದಷ್ಟೇ ಹೇಳಿದರು. ಅದನ್ನೇ ನಾನು ಬೇಡವೆಂದು ಮೂರು ಊರು ತಿರುಗಿದ್ದು!

ನರಗುಂದದ ಬಸ್‌ಸ್ಟ್ಯಾಂಡಿನಲ್ಲಿ ಊರಿನ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಕೊಣ್ಣೂರಿನ ಬಸ್ಸು ಬಂದು ನಿಂತಿತು. ಮೊದಲು ಒಂದು ಬಿಳಿ ಟೋಪಿ ಇಳಿಯಿತು. ಟೋಪಿಯ ಕೆಳಗೆ ನಮ್ಮ ಮನೆಯವರು ಇಳಿದರು.

"ಗಂಗವ್ವಾ? ನೀ ಇಲ್ಲೇನ ಮಾಡಾಕತ್ತಿ?"

"ನಮ್ಮ ಸಣ್ಣವ್ವಗ ಮೈಯಾಗ ಆರಾಮಿಲ್ಲ ಅಂದ್ರು. ಮಾತಾಡಿಸಿ ಹೋಗೂಣು ಅಂತ ಬಂದಿದ್ನಿರಿ."

"ಯಾವ ಸಣ್ಣವ್ವ? ನರಗುಂದದಾಕಿ?"

"ಹೌದ್ರಿ."

"ಆಕಿ ತೀರಿ ಹೋಗಿ ಹನ್ನೊಂದು ವರ್ಷ ಆತಲ್ಲ. ಹೊತಗೊಂಡ ಹೋದವ್ರಾಗ ನಾನೂ ಒಬ್ಬಾಂವ."

ಸುಳ್ಳು ಹೇಳಿ ರೂಢಿ ಇಲ್ಲದವರು ಒಮ್ಮೆಲೇ ದೊಡ್ಡ ಸುಳ್ಳಿಗೆ ಕೈ ಹಾಕಬಾರದು. ಅಷ್ಟರಲ್ಲಿ ಚೀಲದ ಬಾಯಿಂದ ಆರು ಪಿನ್ನಿನ ಗೊಂಚಲು ಜಾರಿ ಹೊರಗೆ ಬಂದು, ತಾನೇ ಸಾಕ್ಷಿ ಹೇಳುವಂತೆ ಜೋತಾಡತೊಡಗಿತು. ಇವರು ಗೊಂಚಲು ನೋಡಿದರು. ಚೀಲ ನೋಡಿದರು. ಚೀಲದ ಆಕಾರ ಇಟ್ಟಿಗೆಯಂತಿತ್ತು.

ಬಸ್ಸಿನಲ್ಲಿ ಕೂತ ಮೇಲೆ ಎಲ್ಲ ಒಪ್ಪಿಕೊಂಡೆ. ಒದ್ದೆ ಬಟ್ಟೆಯಿಂದ ಸಣ್ಣವ್ವನವರೆಗೆ ಏನೂ ಬಿಡಲಿಲ್ಲ. ಕೊನೆಗೆ ಹೇಳಿದೆ: "ಡಬ್ಬಿ ಸುಟ್ಟೈತಿ. ನಾನ ಸುಟ್ಟೀನಿ. ಬೈರಿ."

ಇವರು ಬೈಯಲಿಲ್ಲ. ಕಿಟಕಿಯ ಹೊರಗೆ ಹೊಲ ನೋಡುತ್ತ ಕೂತರು. ಅದು ಆ ಗೋಡೆ ನೋಡುವ ನೋಟವೇ. ನನಗೆ ಬೈಗುಳವೇ ಬೇಕಿತ್ತು. ರೋಣ ಬಂತು, ಜನ ಇಳಿದರು, ಜನ ಹತ್ತಿದರು. ಬಸ್ಸು ಮತ್ತೆ ಹೊರಟ ಮೇಲೆ ಇವರು ಥಟ್ಟನೆ ತಿರುಗಿದರು.

"ಮೈಕಿನ ವಾಯರ್ ಚುಚ್ಚಿದ್ದಿಯೇನು?"

"ಯಾವ ವಾಯರ್?"

"ಮೈಕಿಂದು. ಡಬ್ಬಿಯ ಬಲಗಡೆ ತೂತಿಗೆ."

"ಮೈಕು ಮಠದ ಕಪಾಟಿನ್ಯಾಗ ಇರತೈತಲ್ಲರಿ. ನಾ ಎಲ್ಲಿಂದ ಚುಚ್ಚಲಿ? ದೀಪಕ್ಕೂ ಮೈಕಿಗೂ ಏನ ಸಂಬಂಧ?"

ಇವರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಇದು ಅವರು ಬಹಳ ದೊಡ್ಡ ಮಾತು ಹೇಳುವಾಗ ಮಾಡುವ ಕೆಲಸ.

"ಮೈಕಿನ ವಾಯರ್ ಚುಚ್ಚಿದ್ರ ಅಷ್ಟ ಅದಕ್ಕ ಎಚ್ಚರ ಆಗತೈತಿ. ಇಲ್ಲಂದ್ರ ಮಲಗಿರತೈತಿ. ಒಳಗ ಬ್ಯಾಟರಿ ಹಾಕಿದ್ರ ಸುಮ್ಮನ ಖರ್ಚ ಆಗಬಾರದಂತ ಮಾಡಿದವರು ಹಂಗ ಮಾಡ್ಯಾರ. ಆರ್ಕೆಸ್ಟ್ರಾದಾಂವ ಮೊದಲನೇ ದಿನಾನ ಹೇಳಿ ಕೊಟ್ಟಿದ್ದ."

ಬಸ್ಸಿನಲ್ಲಿ ಹಿಂದಿನ ಸೀಟಿನವರೂ ಮಾತು ನಿಲ್ಲಿಸಿದ್ದರು. ಕಂಡಕ್ಟರು ಟಿಕೆಟ್ ಹರಿಯುವುದನ್ನು ಬಿಟ್ಟು ನಿಂತಿದ್ದ.

"ಹಂಗಾರ ಅಜ್ಜಾರ," ಎಂದ ಅವನು, "ಆ ಹಳೇ ಅಡಾಪ್ಟರ್ ಚಲೋ ಇತ್ತೇನ್ರಿ?"

"ಚಲೋ ಇತ್ತು."

"ಅದನ್ನ ಅಮ್ಮಾರು ಸುಮ್ಮನ ಕತ್ತರಿಸಿದ್ರು?"

"ನೀ ಟಿಕೆಟ್ ಹರಿಯಪಾ," ಎಂದೆ ನಾನು.

"ಆದ್ರ ಒಂದ ಮಾತು," ಎಂದರು ಇವರು. "ಮೈಕ್ ಚುಚ್ಚಿ ಹನ್ನೆರಡು ಕೊಟ್ಟಿದ್ದರ ಖಂಡಿತ ಸುಡತಿತ್ತು. ಮಲಗಿದ್ದಕ್ಕ ಉಳಿದಿರಬಹುದು. ನಾಳೆ ಮಠದಾಗ ಚುಚ್ಚಿದ ಮ್ಯಾಲನ ಗೊತ್ತಾಗತೈತಿ."

ಅಂದರೆ ಏನೂ ತಿಳಿಯದೆ ಕೆಡಿಸಿದೆ, ಏನೂ ತಿಳಿಯದೆ ಉಳಿಸಿದೆ. ಇದಕ್ಕೆ ಸಂತೋಷಪಡಬೇಕೋ ಬೇಡವೋ ಗೊತ್ತಾಗದೆ ಊರು ಬರುವವರೆಗೆ ನಾನು ಬಾಯಿ ಬಿಡಲಿಲ್ಲ. ನಾನು ಅಷ್ಟು ಹೊತ್ತು ಸುಮ್ಮನೆ ಕೂತದ್ದು ಅದೇ ಮೊದಲು ಎಂದು ಇವರು ಈಗಲೂ ಹೇಳುತ್ತಾರೆ.

ಮನೆಗೆ ಬಂದವರೇ ಇವರು ಮಗ್ಗದ ಹಿಂದೆ ಹೋದರು. ತಮ್ಮ ಅಡಾಪ್ಟರ್ ಕಲ್ಲಿನ ಪಕ್ಕದಲ್ಲಿ ತೂಗುವುದನ್ನು ನಿಂತು ನೋಡಿದರು. ತಪ್ಪು ಮಾಡದೆ ಗಲ್ಲಿಗೇರಿದವನ ಹಾಗೆ ಅದು ನಿಧಾನಕ್ಕೆ ತಿರುಗುತ್ತಿತ್ತು. ಸುಜಾತಾ ಮುಖಕ್ಕೆ ಸೆರಗು ಅಡ್ಡ ಹಿಡಿದು ಅಡಿಗೆ ಮನೆಗೆ ಓಡಿದಳು. ಅವಳು ಅಳಲಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು.

ಸೋಮವಾರ ಸಂಜೆ ನಾನು ಮಠದಲ್ಲಿ ಎಲ್ಲರಿಗಿಂತ ಮೊದಲು ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ಯಾವತ್ತೂ ಹಿಂದೆ ಕಂಬಕ್ಕೆ ಆತುಕೊಂಡು ತೂಕಡಿಸುವವಳು ನಾನು. ಈರಣ್ಣ ನೋಡಿ ಕೈ ಮುಗಿದ.

"ಕಾಕಿ ಇವತ್ತ ಮುಂದ ಬಂದಾರಲ್ಲ! ಕಾಕಾರು ದಣದಿದ್ರ ಸುಮ್ಮನ ಕೂಡ್ಲಿ, ನಾ ಹಾಡತೀನಿ."

"ದಣದಾಕಿ ನಾನಪಾ. ಅವರಿಗೇನಾಗೇತಿ? ನೀ ತಾಳ ಹಿಡದ ಕೂಡು," ಎಂದೆ. ಬಾಯಿ ಜೋರಿತ್ತು, ಎದೆಯೊಳಗೆ ಮಗ್ಗದ ಲಾಳಿ ಓಡುತ್ತಿತ್ತು.

ಇವರು ಡಬ್ಬಿ ಇಟ್ಟರು. ದಾವಲಸಾಬರ ಅಡಾಪ್ಟರ್ ಚುಚ್ಚಿದರು. ದೀಪ ಇಲ್ಲ. ಕಪಾಟಿನಿಂದ ಮೈಕು ತಂದು, ಅದರ ವಾಯರನ್ನು ಬಲಗಡೆಯ ತೂತಿನ ಮುಂದೆ ಹಿಡಿದು ಒಮ್ಮೆ ನನ್ನ ಕಡೆ ನೋಡಿದರು. ನಾನು ಕಣ್ಣು ಮುಚ್ಚಿದೆ.

ಟಕ್ ಎಂದು ಸದ್ದಾಯಿತು. ಕಣ್ಣು ತೆರೆದೆ.

ಕೆಂಪು ದೀಪ! ಕುಂಕುಮದ ಬೊಟ್ಟಿನಷ್ಟು!

ಇವರು ಹಾಡಿದರು. ಒಂದೊಂದು ಸಾಲಿನ ಕೊನೆಗೆ ಉಸಿರು ಇಳಿಯಿತು, ಡಬ್ಬಿ ಎತ್ತಿಕೊಂಡಿತು, ಇವರು ಮತ್ತೆ ಬಂದು ಕೂಡಿಕೊಂಡರು. ಸೆರಗಿಗೂ ಒಡಲಿಗೂ ಎಳೆ ಕೂಡಿಸಿದ ಜಾಗ ಹೊರಗಿನವರಿಗೆ ಕಾಣುವುದಿಲ್ಲ. ನೇಯ್ದವರಿಗೆ ಮಾತ್ರ ಕಾಣುತ್ತದೆ. ಹಾಗೆ ಎಲ್ಲೆಲ್ಲಿ ಗಂಟು ಇದೆ ಎಂದು ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಕಣ್ಣಲ್ಲಿ ನೀರು ಬಂದದ್ದು ಊದಿನಕಡ್ಡಿಯ ಹೊಗೆಗೆ. ಮಠದಲ್ಲಿ ಹೊಗೆ ಬಹಳ.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿ ತಲೆದೂಗಿದರು. "ಶ್ರಾವಣ ಮುಗಿಯೂ ತನಕಾ ಮುಮ್ಮೇಳ ಅಜ್ಜಾರದ್ದ," ಎಂದರು. ಈರಣ್ಣ ತಾಳ ಎತ್ತಿಕೊಂಡ.

ಇಲ್ಲಿಗೆ ಮುಗಿದಿದ್ದರೆ ನನ್ನ ಮರ್ಯಾದೆ ಅಷ್ಟೋ ಇಷ್ಟೋ ಉಳಿಯುತ್ತಿತ್ತು. ಆದರೆ ಇವರಿಗೆ ಖುಷಿಯಾಗಿತ್ತು. ಖುಷಿಯಾದಾಗ ಇವರಿಗೆ ನಾಲ್ಕು ಮಾತು ಆಡಬೇಕು. ಮೈಕನ್ನು ಮತ್ತೆ ಬಾಯಿಗೆ ಹಿಡಿದರು.

"ಇಲ್ಲಿ ಕೂಡಿದ ದೈವದವರ ಮುಂದ ಒಂದ ಮಾತು. ಈ ಡಬ್ಬಿ ಇವತ್ತ ಇಷ್ಟ ಚಲೋ ನುಡದದ್ದಕ್ಕ ಕಾರಣ ನಮ್ಮ ಮನಿಯಾಕಿ. ಅದಕ್ಕಾಗಿ ಆಕಿ ಮೂರು ಊರು ತಿರಗ್ಯಾಳ. ಒಂದು ರೇಡಿಯೋ ಅಂಗಡಿ, ಒಂದು ಸತ್ತ ಸಣ್ಣವ್ವ, ಮತ್ತ ಒಂದು ನೂಲಿನ ಕತ್ತರಿ!"

ಇವರು ಒಮ್ಮೆ ಹೇಳಿ ಬಿಟ್ಟರು. ಡಬ್ಬಿ ಬಿಡಲಿಲ್ಲ.

"ಕತ್ತರಿ... ಕತ್ತರಿ... ಕತ್ತರಿ..."

ಮಠದ ಗೋಡೆಗಳೆಲ್ಲ ಹೇಳಿದವು. ಹಿರಿಯರು ನಕ್ಕರು. ಈರಣ್ಣ ತಾಳ ಬಿಟ್ಟು ಹೊಟ್ಟೆ ಹಿಡಿದುಕೊಂಡ. ಹಿಂದೊಮ್ಮೆ ನಾನು ಎದುರಿಗೇ ನಕ್ಕಿದ್ದ ಅಡ್ಡಪಟ್ಟೆಯ ಸೀರೆಯವಳು ಮೂರನೆಯ ಸಾಲಿನಲ್ಲಿದ್ದಳು. ಅವಳ ನಗು ಎಲ್ಲರಿಗಿಂತ ಉದ್ದ ಬಂತು. ನಾನು ತಲೆ ತಗ್ಗಿಸಿ ಕೂತೆ.

ಡಬ್ಬಿ ಕೆಟ್ಟಿದೆ ಎಂದು ಇನ್ನು ಮೇಲೆ ಹೇಳಲು ನನಗೆ ಬಾಯಿಲ್ಲ. ಕತ್ತರಿ ಎಂಬುದನ್ನು ಅದು ಒಂದಕ್ಷರ ನುಂಗದೆ ಹೇಳಿತ್ತು.